ಶರ್ಕರಾಪ್ರತಿಮೆ: ಉಪಾದಾನದ್ರವ್ಯದ ವ್ಯಂಜಕತ್ವವನ್ನು ಕುರಿತು ಒಂದು ವಿಮರ್ಶೆ

ಶಿಲ್ಪದಲ್ಲಿ ರೂಪವು ಪ್ರಧಾನವೋ ದ್ರವ್ಯವು ಪ್ರಧಾನವೋ ಎಂಬ ಪ್ರಶ್ನೆಯು ಪುರಾತನವಾದುದು. ಶಿಲ್ಪಶಾಸ್ತ್ರಗಳು ಶಿಲೆ, ಲೋಹ, ದಾರು, ಮೃತ್ತಿಕೆ ಮೊದಲಾದ ದ್ರವ್ಯಗಳನ್ನು ಎಣಿಸಿ, ಶಿಲೆಯ ವರ್ಣವನ್ನೂ ನಾದವನ್ನೂ ಪರೀಕ್ಷಿಸಿ ಅದು ಪುಂಶಿಲೆಯೋ ಸ್ತ್ರೀಶಿಲೆಯೋ ಎಂದು ನಿರ್ಣಯಿಸಿಕೊಳ್ಳಬೇಕೆಂದು ವಿಧಿಸಿರುವುದೇನೋ ನಿಜ. ಆದರೂ ಪ್ರತಿಮೆಯು ಸಿದ್ಧವಾದ ಮೇಲೆ ದ್ರವ್ಯವು ರೂಪದೊಳಗೆ ಅಡಗಿಹೋಗುವುದೇ ವಾಡಿಕೆ. ದೇವರನ್ನು ನೋಡಬಂದವನು ಕಲ್ಲನ್ನು ಕಂಡರೆ ಶಿಲ್ಪಿಯ ಶ್ರಮವು ವ್ಯರ್ಥವಾದಂತೆಯೇ ಸರಿ. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ, ಮಣ್ಣು ಗಡಿಗೆಗೆ ಸಮವಾಯಿಕಾರಣ. ಗಡಿಗೆಯಲ್ಲಿ ನೀರು ತರುವವನಿಗೆ ಮಣ್ಣಿನ ಚಿಂತೆಯಿಲ್ಲ.

ಆದರೆ ಉಪಾದಾನದ್ರವ್ಯಕ್ಕೇ ಒಂದು ಚರಿತ್ರೆಯಿದ್ದು, ಆ ಚರಿತ್ರೆಯೇ ಕೃತಿಯ ಅರ್ಥವಾಗಿರುವ ಪಕ್ಷದಲ್ಲಿ ಈ ವಾಡಿಕೆಯು ನಿಲ್ಲಲಾರದು. ಅಂಥ ಸಂದರ್ಭದಲ್ಲಿ ದ್ರವ್ಯವು ರೂಪದಲ್ಲಿ ಅಡಗದೆ, ತಾನೇ ಮಾತನಾಡತೊಡಗುವುದು. ೨೦೧೪ನೆಯ ಇಸವಿಯಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಸಕ್ಕರೆಯನ್ನು ದ್ರವ್ಯವಾಗಿಟ್ಟುಕೊಂಡು ರಚಿತವಾದ ಒಂದು ಮಹಾಪ್ರತಿಮೆಯು ಈ ವಿಚಾರಕ್ಕೆ ಉತ್ತಮವಾದ ನಿದರ್ಶನವಾಗಿರುವುದರಿಂದ, ಅದನ್ನು ಭಾರತೀಯ ಅಲಂಕಾರಶಾಸ್ತ್ರದ ಪರಿಭಾಷೆಯಿಂದ ಪರ್ಯಾಲೋಚಿಸುವುದು ಈ ಲೇಖನದ ಉದ್ದೇಶ. ಇದರಿಂದ ಆ ಕೃತಿಯ ಸ್ವರೂಪವು ತಿಳಿಯುವುದಲ್ಲದೆ, ಶಾಸ್ತ್ರದ ಪರಿಭಾಷೆಯು ಎಷ್ಟು ದೂರ ನಡೆಯಬಲ್ಲುದೆಂಬುದೂ ಪರೀಕ್ಷೆಗೆ ಬರುವುದು.

೧. ಕೃತಿಪರಿಚಯ

ಈ ಕೃತಿಯನ್ನು ರಚಿಸಿದವರು ೧೯೬೯ರಲ್ಲಿ ಕ್ಯಾಲಿಫೋರ್ನಿಯದ ಸ್ಟಾಕ್ಟನ್ನಿನಲ್ಲಿ ಜನಿಸಿದ ಕಾರಾ ವಾಕರ್ ಎಂಬ ಆಫ್ರಿಕನ್-ಅಮೆರಿಕನ್ ಕಲಾವಿದೆ. ಕರಿಯ ಕಾಗದವನ್ನು ಕತ್ತರಿಸಿ ಬಿಳಿಯ ಗೋಡೆಯ ಮೇಲೆ ಅಂಟಿಸಿದ ಛಾಯಾಚಿತ್ರಗಳಿಂದ ಆಕೆ ಮೊದಲು ಪ್ರಸಿದ್ಧಿಗೆ ಬಂದರು. ದಾಸ್ಯದ ಕಾಲದ ಅಮೆರಿಕದ ಕ್ರೌರ್ಯಗಳೇ ಆ ಚಿತ್ರಗಳ ವಸ್ತು. ಕ್ರಿಯೇಟಿವ್ ಟೈಮ್ ಎಂಬ ಸಂಸ್ಥೆಯ ಆಶ್ರಯದಲ್ಲಿ ನಿರ್ಮಿತವಾದ ಈ ಪ್ರತಿಮೆಯು ಮೇ ೧೦ರಿಂದ ಜುಲೈ ೬ರವರೆಗೆ, ವಾರದ ಕೊನೆಯ ದಿನಗಳಲ್ಲಿ, ಯಾವ ಶುಲ್ಕವೂ ಇಲ್ಲದೆ ಜನರ ದರ್ಶನಕ್ಕೆ ತೆರೆದಿದ್ದಿತು. ಲಕ್ಷಕ್ಕೂ ಮಿಕ್ಕ ಜನರು ಸಾಲಿನಲ್ಲಿ ಕಾದು ನಿಂತು ಇದನ್ನು ನೋಡಿದರು.

ಪ್ರತಿಮೆಯಿದ್ದ ಸ್ಥಳವು ಚಿತ್ರಶಾಲೆಯಲ್ಲ. ಬ್ರೂಕ್ಲಿನ್ನಿನಲ್ಲಿ ಈಸ್ಟ್ ರಿವರ್ ದಂಡೆಯ ಮೇಲಿನ ಡಾಮಿನೋ ಸಕ್ಕರೆ ಕಾರ್ಖಾನೆಗೆ ಸೇರಿದ ಒಂದು ಹಳೆಯ ಉಗ್ರಾಣ. ೧೮೫೬ರಲ್ಲಿ ಹ್ಯಾವ್‌ಮೇಯರ್ ಮನೆತನದವರು ಅಲ್ಲಿ ಸಕ್ಕರೆಯನ್ನು ಶುದ್ಧಿಮಾಡುವ ಕಾರ್ಖಾನೆಯನ್ನು ಸ್ಥಾಪಿಸಿದರು. ೧೮೮೨ರ ಬೆಂಕಿಯಲ್ಲಿ ಸುಟ್ಟು ಮತ್ತೆ ಕಟ್ಟಲ್ಪಟ್ಟು, ಒಂದು ಕಾಲಕ್ಕೆ ಲೋಕದಲ್ಲಿಯೇ ಅತಿ ದೊಡ್ಡ ಸಕ್ಕರೆ ಕಾರ್ಖಾನೆಗಳಲ್ಲೊಂದಾಗಿದ್ದ ಅದು ೨೦೦೪ರಲ್ಲಿ ಮುಚ್ಚಿತು. ಪ್ರತಿಮೆಯನ್ನು ನಿಲ್ಲಿಸುವ ವೇಳೆಗೆ ಉಗ್ರಾಣವನ್ನು ಕೆಡವುವುದೆಂದು ತೀರ್ಮಾನವಾಗಿದ್ದಿತು. ಆದುದರಿಂದ ಪ್ರತಿಮೆಯೂ ಅದರ ಆಲಯವೂ ಒಟ್ಟಿಗೇ ನಾಶವಾಗತಕ್ಕವುಗಳಾಗಿದ್ದವು.

ಪ್ರಧಾನಪ್ರತಿಮೆಯು ಒಂದು ಸ್ಫಿಂಕ್ಸ್. ಸಿಂಹದ ಶರೀರಕ್ಕೆ ಮನುಷ್ಯನ ಶಿರಸ್ಸನ್ನು ಕೂಡಿಸಿದ ಈ ಆಕೃತಿಯು ಈಜಿಪ್ಟಿನವರಲ್ಲಿ ರಾಜಪ್ರತಾಪದ ಚಿಹ್ನೆ; ಗ್ರೀಕರಲ್ಲಿ ಒಗಟು ಕೇಳಿ ಉತ್ತರ ಹೇಳಲಾರದವರನ್ನು ಕೊಲ್ಲುವ ಸ್ತ್ರೀ. ವಾಕರ್ ಅವರ ಸ್ಫಿಂಕ್ಸಿಗೆ ಕಪ್ಪು ಜನಾಂಗದ ಸ್ತ್ರೀಯ ಮುಖ, ಅಡುಗೆಮನೆಯ ದಾಸಿಯರು ಕಟ್ಟಿಕೊಳ್ಳುತ್ತಿದ್ದ ತಲೆವಸ್ತ್ರ. ಉದ್ದ ಸುಮಾರು ೭೫ ಅಡಿ, ಎತ್ತರ ಸುಮಾರು ೩೫ ಅಡಿ. ಪಾಲಿಸ್ಟೈರೀನ್ ಎಂಬ ಹಗುರವಾದ ಕೃತಕದ್ರವ್ಯದ ದಿಮ್ಮಿಗಳನ್ನು ಕತ್ತರಿಸಿ ಜೋಡಿಸಿ, ಅದರ ಮೇಲೆ ನೀರಿನಲ್ಲಿ ಕಲಸಿದ ಬಿಳಿಯ ಸಕ್ಕರೆಯನ್ನು ಗಾರೆಯಂತೆ ಬಳಿದಿದ್ದರು. ಇದಕ್ಕೆ ಹತ್ತಾರು ಟನ್ನು ಸಕ್ಕರೆ ಹಿಡಿಯಿತು. ಆ ಸಕ್ಕರೆಯನ್ನು ಒದಗಿಸಿದುದೂ ಡಾಮಿನೋ ಕಂಪೆನಿಯೇ.

ಸ್ಫಿಂಕ್ಸಿನ ಮುಂದೆಯೂ ಪಕ್ಕದಲ್ಲಿಯೂ ಸುಮಾರು ೫ ಅಡಿ ಎತ್ತರದ ಹದಿನೈದರಷ್ಟು ಬಾಲಕರ ಬೊಂಬೆಗಳಿದ್ದವು. ಕೆಲವರ ಕೈಯಲ್ಲಿ ಬುಟ್ಟಿ, ಕೆಲವರ ಹೆಗಲಿನಲ್ಲಿ ಬಾಳೆಯ ಗೊನೆ. ಅಲಂಕಾರಕ್ಕಾಗಿ ಮನೆಗಳಲ್ಲಿಡುವ ಪಿಂಗಾಣಿಯ ಚಿಕ್ಕ ಬೊಂಬೆಗಳನ್ನು ದೊಡ್ಡದುಮಾಡಿ ಇವುಗಳ ಆಕಾರವನ್ನು ತೆಗೆದುಕೊಳ್ಳಲಾಗಿತ್ತು. ಇವುಗಳಲ್ಲಿ ಕೆಲವು ಕಾಯಿಸಿದ ಸಕ್ಕರೆಯನ್ನೇ ಎರಕ ಹೊಯ್ದು ಮಾಡಿದವು. ಉಳಿದವು ರಾಳದಿಂದ ಎರಕ ಹೊಯ್ದು ಕಾಕಂಬಿಯನ್ನು ಬಳಿದವು.

ಕೃತಿಯ ಹೆಸರು "ಸಟ್ಲ್‌ಟಿ." ಅದರ ಮುಂದೆ ಉದ್ದವಾದ ಉಪಶೀರ್ಷಿಕೆಯೊಂದುಂಟು: ಕಬ್ಬಿನ ಗದ್ದೆಯಿಂದ ಹೊಸ ಲೋಕದ ಅಡುಗೆಮನೆಗಳವರೆಗೆ ದುಡಿದು, ಸಿಹಿಯ ಅಭಿರುಚಿಯನ್ನು ಸಂಸ್ಕರಿಸಿಕೊಟ್ಟ, ಕೂಲಿಯಿಲ್ಲದೆ ಬಳಲಿದ ಕುಶಲಕರ್ಮಿಗಳಿಗೆ, ಕಾರ್ಖಾನೆಯನ್ನು ಕೆಡವುವ ಸಂದರ್ಭದಲ್ಲಿ ಸಲ್ಲಿಸಿದ ಗೌರವ ಎಂದು ಅದರ ತಾತ್ಪರ್ಯ. "ಸಟ್ಲ್‌ಟಿ" ಎಂಬ ಶಬ್ದಕ್ಕೆ ಸೂಕ್ಷ್ಮತೆಯೆಂಬುದು ಪ್ರಸಿದ್ಧಾರ್ಥ. ಮಧ್ಯಯುಗದ ಯುರೋಪಿನ ರಾಜರ ಭೋಜನಗಳಲ್ಲಿ ಭಕ್ಷ್ಯಗಳ ನಡುನಡುವೆ ತಂದು ಪ್ರದರ್ಶಿಸುತ್ತಿದ್ದ ಸಕ್ಕರೆಯ ಬೊಂಬೆಗಳಿಗೂ ಅದೇ ಹೆಸರಿದ್ದಿತು. ಅತಿಥಿಗಳು ಅವನ್ನು ನೋಡಿ ಆನಂದಿಸಿ ಆಮೇಲೆ ಮುರಿದು ತಿನ್ನುತ್ತಿದ್ದರು. ಸಿಡ್ನಿ ಮಿಂಟ್ಸ್ ಎಂಬ ಮಾನವಶಾಸ್ತ್ರಜ್ಞರು ೧೯೮೫ರಲ್ಲಿ ಪ್ರಕಟಿಸಿದ ಸಕ್ಕರೆಯ ಚರಿತ್ರೆಯಲ್ಲಿ ಈ ವಿಷಯವು ವಿವೃತವಾಗಿದೆ. ವಾಕರ್ ಅವರ ಕಲ್ಪನೆಗೆ ಆ ಗ್ರಂಥವು ಪೋಷಕವಾಯಿತು. ಹೀಗೆ ಹೆಸರಿನಲ್ಲಿಯೇ ಶ್ಲೇಷವು ಕೂಡಿಬಂದಿದೆ.

೨. ದ್ರವ್ಯದ ಚರಿತ್ರೆ

ಪ್ರಕೃತದ್ರವ್ಯದ ಹೆಸರೇ ಸಂಸ್ಕೃತದಿಂದ ಹೊರಟುದು. ಶರ್ಕರಾ ಎಂದರೆ ಮೊದಲು ನೊರಜುಗಲ್ಲು; ಹರಳುಗಟ್ಟಿದ ಕಬ್ಬಿನ ಸಾರವು ಆ ಕಲ್ಲಿನ ಚೂರುಗಳನ್ನು ಹೋಲುವುದರಿಂದ ಅದಕ್ಕೂ ಆ ಹೆಸರು ಬಂದಿತು. ಇದೇ ಕನ್ನಡದಲ್ಲಿ ಸಕ್ಕರೆಯಾಯಿತು. ಪಾರಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್ ಆಗಿ ಯುರೋಪನ್ನು ಸೇರಿ ಇಂಗ್ಲಿಷಿನ ಷುಗರ್ ಆಯಿತು. ಖಂಡವೆಂಬ ಶಬ್ದವೂ ಅದೇ ಮಾರ್ಗವಾಗಿ ನಡೆದು ಕ್ಯಾಂಡಿ ಎನಿಸಿತು. ಕೌಟಿಲ್ಯನ ಅರ್ಥಶಾಸ್ತ್ರವು ಕೋಷ್ಠಾಗಾರದ ಪ್ರಕರಣದಲ್ಲಿ ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂದು ಕಬ್ಬಿನ ವಿಕಾರಗಳನ್ನು ಕ್ರಮವಾಗಿ ಹೆಸರಿಸುತ್ತದೆ. ಶಬ್ದವು ನಡೆದ ದಾರಿಯೇ ಪದಾರ್ಥವೂ ನಡೆದ ದಾರಿ.

ಆದರೆ ಭಾರತದಿಂದ ಹೊರಟ ಈ ಮಾಧುರ್ಯವು ಅಟ್ಲಾಂಟಿಕ್ ಸಮುದ್ರವನ್ನು ದಾಟಿದ ಮೇಲೆ ಮತ್ತೊಂದು ಸ್ವರೂಪವನ್ನು ತಾಳಿತು. ಕೊಲಂಬಸನು ೧೪೯೩ರ ತನ್ನ ಎರಡನೆಯ ಯಾತ್ರೆಯಲ್ಲಿ ಕಬ್ಬನ್ನು ಕೆರಿಬಿಯನ್ ದ್ವೀಪಗಳಿಗೆ ಕೊಂಡೊಯ್ದನು. ಅನಂತರದ ಶತಮಾನಗಳಲ್ಲಿ ಆಫ್ರಿಕದಿಂದ ಸುಮಾರು ಒಂದೂಕಾಲು ಕೋಟಿ ಜನರನ್ನು ದಾಸರನ್ನಾಗಿ ಹಡಗು ಹತ್ತಿಸಲಾಯಿತು. ದಾರಿಯಲ್ಲಿ ಸತ್ತವರೇ ಹದಿನೆಂಟು ಲಕ್ಷದಷ್ಟು. ಬದುಕಿ ದಡ ಸೇರಿದವರಲ್ಲಿ ಬಹುಭಾಗವು ಕಬ್ಬಿನ ತೋಟಗಳ ಪಾಲಾಯಿತು. ಕಡಿದ ಕಬ್ಬನ್ನು ಒಡನೆಯೇ ಅರೆಯದಿದ್ದರೆ ರಸವು ಕೆಡುವುದರಿಂದ ಸುಗ್ಗಿಯಲ್ಲಿ ಗಾಣಗಳು ಹಗಲಿರುಳೂ ತಿರುಗುತ್ತಿದ್ದವು. ನಿದ್ದೆಯಿಲ್ಲದೆ ತೂಕಡಿಸುವ ಆಳಿನ ಕೈ ಗಾಣದ ಉರುಳೆಗಳಿಗೆ ಸಿಕ್ಕಿಕೊಂಡರೆ, ದೇಹವೆಲ್ಲ ಒಳಹೋಗದಂತೆ ತೋಳನ್ನು ಕಡಿದುಹಾಕಲು ಪಕ್ಕದಲ್ಲಿಯೇ ಕೊಡಲಿಯನ್ನು ಇಟ್ಟುಕೊಂಡಿರುತ್ತಿದ್ದರು. ಬ್ರಿಟಿಷ್ ವಸಾಹತುಗಳಲ್ಲಿ ೧೮೩೪ರಲ್ಲಿ ದಾಸ್ಯವು ರದ್ದಾದೊಡನೆ, ಅದೇ ಕಬ್ಬಿನ ಗದ್ದೆಗಳಿಗೆ ಭಾರತದಿಂದ ಕರಾರಿನ ಕೂಲಿಗಳನ್ನು ಸಾಗಿಸುವ ಪದ್ಧತಿಯು ಆರಂಭವಾಯಿತು. ಮಾರಿಷಸ್, ಗಯಾನಾ, ಟ್ರಿನಿಡಾಡ್, ನೇಟಾಲ್, ಫಿಜಿ ಮೊದಲಾದೆಡೆಗಳಿಗೆ ಹತ್ತು ಲಕ್ಷಕ್ಕೂ ಮೀರಿದ ಭಾರತೀಯರು ಹೋದರು. ೧೯೧೭ರಲ್ಲಿ ಆ ಸಾಗಾಣಿಕೆಯು ನಿಂತಿತು. ಆದುದರಿಂದ ಈ ಪ್ರತಿಮೆಯ ದ್ರವ್ಯವು ಭಾರತೀಯ ವಾಚಕನಿಗೆ ಶಬ್ದದಿಂದ ಮಾತ್ರವಲ್ಲ, ಸಂಬಂಧದಿಂದಲೂ ಪರಕೀಯವಲ್ಲ.

ಮತ್ತೊಂದು ಅಂಶವು ಗಮನಾರ್ಹ. ಸಕ್ಕರೆಯು ಹುಟ್ಟುವಾಗ ಬಿಳಿಯದಲ್ಲ. ಕಂದುಬಣ್ಣದ ಕಚ್ಚಾ ಸಕ್ಕರೆಯನ್ನು ಕರಗಿಸಿ, ಮೂಳೆಯ ಇದ್ದಿಲಿನಲ್ಲಿ ಸೋಸಿ, ಬಣ್ಣವನ್ನು ತೆಗೆದರೆ ಶ್ವೇತವರ್ಣವು ಬರುವುದು. ಈ ಕ್ರಿಯೆಗೆ ಇಂಗ್ಲಿಷಿನಲ್ಲಿರುವ ಹೆಸರೇ ನಾಗರಿಕ ಅಭಿರುಚಿಗೂ ಹೆಸರು. ಕನ್ನಡದ ಸಂಸ್ಕಾರವೆಂಬ ಶಬ್ದವೂ ಈ ಎರಡು ಅರ್ಥಗಳನ್ನೂ ಹೊತ್ತಿರುವುದು ವಿಶೇಷ. ಕಪ್ಪನ್ನು ಕಳೆದು ಬಿಳಿದುಮಾಡುವುದೇ ಸಂಸ್ಕಾರವೆಂದು ತಿಳಿದ ಒಂದು ಸಮಾಜದ ಮನೋಧರ್ಮವನ್ನು, ಕಪ್ಪು ಸ್ತ್ರೀಯ ಮುಖಕ್ಕೆ ಬಳಿದ ಬಿಳಿಯ ಸಕ್ಕರೆಯು ಒಂದು ಮಾತೂ ಇಲ್ಲದೆ ವ್ಯಂಜಿಸುತ್ತದೆ.

೩. ದರ್ಶನಕ್ರಮ

ಕಾವ್ಯದಲ್ಲಿ ಅರ್ಥಪ್ರತೀತಿಗೆ ಕ್ರಮವಿರುವಂತೆ ಇಂಥ ಮಹಾಪ್ರತಿಮೆಯ ಅನುಭವಕ್ಕೂ ಕ್ರಮವುಂಟು. ಅದು ಒಂದೇ ನೋಟಕ್ಕೆ ವಶವಾಗತಕ್ಕುದಲ್ಲ, ನಡೆದು ತಿಳಿಯತಕ್ಕುದು.

ಮೊದಲು ಪ್ರವೃತ್ತವಾಗುವ ಇಂದ್ರಿಯವು ಕಣ್ಣಲ್ಲ, ಮೂಗು. ದಶಕಗಳ ಕಾಲ ಸಕ್ಕರೆಯನ್ನು ತುಂಬಿದ್ದ ಆ ಉಗ್ರಾಣದ ಗೋಡೆಗಳಿಗೆ ಕಾಕಂಬಿಯು ಹತ್ತಿ ಕಪ್ಪುಗಟ್ಟಿದ್ದಿತು. ಹುದುಗೆದ್ದ ಸಿಹಿಯ ವಾಸನೆಯು ಒಳಹೊಕ್ಕವನನ್ನು ಆವರಿಸುತ್ತಿದ್ದಿತು. ಆಲೆಮನೆಯ ಪರಿಮಳವನ್ನು ಬಲ್ಲವನಿಗೂ ಇದು ಆಲೆಮನೆಯದಲ್ಲವೆಂದು ತಿಳಿಯುವಷ್ಟು ಹಳಸಿದ ಸಿಹಿ ಅದು. ಶಿಲೆಯ ಪ್ರತಿಮೆಗೆ ಗಂಧವಿಲ್ಲ. ಇಲ್ಲಿ ದ್ರವ್ಯವು ಘ್ರಾಣದ ಮೂಲಕ ಪ್ರೇಕ್ಷಕನ ಶರೀರದೊಳಗೇ ಪ್ರವೇಶಿಸುವುದರಿಂದ, ನೋಡುವವನಿಗೂ ನೋಡಲ್ಪಡುವುದಕ್ಕೂ ನಡುವೆ ಇರಬೇಕಾದ ಅಂತರವು ಆರಂಭದಲ್ಲಿಯೇ ಕಡಿಮೆಯಾಗುತ್ತದೆ.

ಬಳಿಕ ಮಸುಕಾದ ಬೆಳಕಿನಲ್ಲಿ, ಕರಿಯ ಗೋಡೆಗಳ ನಡುವೆ, ದೂರದಲ್ಲಿ ಧವಳವಾದ ಬೃಹದಾಕಾರವು ಕಾಣುವುದು. ಇಲ್ಲಿ ಹುಟ್ಟುವುದು ವಿಸ್ಮಯ. ಕಣ್ಣು ಆ ಬಿಳುಪಿಗೆ ಸೆರೆಸಿಕ್ಕುವುದರಿಂದ, ದಾರಿಯಲ್ಲಿ ನಿಂತ ಬಾಲಕರನ್ನು ಹೆಚ್ಚಿನವರು ಗಮನಿಸದೆ ಮುಂದೆ ಸಾಗುವುದೇ ಸಹಜ. ಸಮೀಪಕ್ಕೆ ಬಂದಾಗ ಮುಖವು ಮೇಲೆ ನಿಲ್ಲುತ್ತದೆ. ಅದರಲ್ಲಿ ದೈನ್ಯವಿಲ್ಲ, ಕೋಪವೂ ಇಲ್ಲ. ಮುಂಚಾಚಿದ ಎರಡು ಕೈಗಳಲ್ಲಿ ಎಡಗೈಯ ಮುಷ್ಟಿಯಲ್ಲಿ ಹೆಬ್ಬೆರಳು ತೋರುಬೆರಳಿಗೂ ನಡುಬೆರಳಿಗೂ ನಡುವೆ ತೂರಿಕೊಂಡಿದೆ. ಈ ಮುದ್ರೆಯು ಕೆಲವು ದೇಶಗಳಲ್ಲಿ ದೃಷ್ಟಿಪರಿಹಾರಕ್ಕೂ ಸಂತಾನಸಮೃದ್ಧಿಗೂ ಸಂಕೇತ. ಕೆಲವೆಡೆಗಳಲ್ಲಿ ತಿರಸ್ಕಾರದ ಬೈಗುಳ. ದಂಡಿಯು ಇಂಗಿತದಿಂದಲೂ ಆಕಾರದಿಂದಲೂ ಸೂಚಿತವಾಗುವ ಅರ್ಥವನ್ನು ಸೂಕ್ಷ್ಮಾಲಂಕಾರವೆಂದು ಲಕ್ಷಣೀಕರಿಸಿರುವನು. ಸೂಕ್ಷ್ಮವೆಂಬ ಹೆಸರನ್ನೇ ಹೊತ್ತ ಈ ಕೃತಿಯಲ್ಲಿ, ಬಾಯಿ ತೆರೆಯದ ದಾಸಿಯು ಕೈಯ ಇಂಗಿತದಿಂದ ಆಶೀರ್ವಾದವನ್ನೂ ಧಿಕ್ಕಾರವನ್ನೂ ಒಮ್ಮೆಗೇ ಹೇಳುತ್ತಿರುವುದನ್ನು ನೋಡಿದರೆ, ಆ ಲಕ್ಷಣಕ್ಕೆ ಇದಕ್ಕಿಂತ ಉಚಿತವಾದ ಲಕ್ಷ್ಯವು ಶಿಲ್ಪದಲ್ಲಿ ವಿರಳವೆನ್ನಬೇಕು.

ಪ್ರೇಕ್ಷಕನು ಪ್ರದಕ್ಷಿಣೆಗೆ ಹೊರಟು ಹಿಂಭಾಗಕ್ಕೆ ಬಂದರೆ, ಮುಂದೆ ದೇವತೆಯಂತೆ ತೋರಿದವಳು ಅಲ್ಲಿ ಗೋಪ್ಯಾಂಗವೂ ಅನಾವೃತವಾದ ನಗ್ನ ಸ್ತ್ರೀಯಾಗಿರುವುದು ಕಾಣುವುದು. ಮುಂಭಾಗದಲ್ಲಿ ಅಡುಗೆಮನೆಯ ದಾಸಿಯ ವಾತ್ಸಲ್ಯ, ಹಿಂಭಾಗದಲ್ಲಿ ಯಜಮಾನನ ಕಾಮಕ್ಕೆ ಗುರಿಯಾದ ಶರೀರ: ದಾಸ್ಯವು ಒಬ್ಬ ಸ್ತ್ರೀಯಿಂದ ಕಸಿದುಕೊಂಡ ಎರಡು ಬಗೆಯ ಸೇವೆಗಳು ಒಂದೇ ಪ್ರತಿಮೆಯ ಎರಡು ಪಾರ್ಶ್ವಗಳಾಗಿವೆ.

ಇಲ್ಲಿಂದ ಹಿಂದಿರುಗುವಾಗ ಬಾಲಕರು ಕಣ್ಣಿಗೆ ಬೀಳುವರು. ಬೇಸಗೆಯ ಶಾಖಕ್ಕೆ ಸಕ್ಕರೆಯ ಬೊಂಬೆಗಳು ಕರಗುತ್ತಿದ್ದವು. ಒಂದೊಂದಾಗಿ ಅವಯವಗಳು ಬಾಗಿ, ಕಳಚಿ, ಕೆಳಗೆ ಬಿದ್ದು, ನೆಲದ ಮೇಲೆ ರಕ್ತದ ಛಾಯೆಯ ಪಾಕವಾಗಿ ಹರಡುತ್ತಿದ್ದವು. ಮುರಿದು ಬಿದ್ದ ತುಂಡುಗಳನ್ನು ಉಳಿದ ಬಾಲಕರ ಬುಟ್ಟಿಗಳಲ್ಲಿ ಇಡಲಾಗುತ್ತಿದ್ದಿತು. ಗಾಣದ ಬಳಿಯ ಕೊಡಲಿಯನ್ನು ಬಲ್ಲವನಿಗೆ ಈ ಬುಟ್ಟಿಗಳು ಏನು ಹೇಳುತ್ತವೆಂಬುದನ್ನು ವಿವರಿಸಬೇಕಾದುದಿಲ್ಲ.

೪. ಪೂರ್ವಪಕ್ಷಗಳು

ಈ ಕೃತಿಯ ವಿಷಯದಲ್ಲಿ ಮೂರು ಆಕ್ಷೇಪಗಳು ಸಂಭವಿಸುತ್ತವೆ.

ಮೊದಲನೆಯದು ಅನಿತ್ಯತ್ವ. ಎರಡು ತಿಂಗಳಲ್ಲಿ ನಾಶವಾಗುವುದನ್ನು ಶಿಲ್ಪವೆನ್ನಬಹುದೆ? ಇದಕ್ಕೆ ಆಗಮಗಳೇ ಉತ್ತರ ಕೊಟ್ಟಿವೆ. ಅವು ಸ್ಥಿರವಾದ ಮೂರ್ತಿಗಳೊಡನೆ ಕ್ಷಣಿಕಲಿಂಗಗಳನ್ನೂ ಅಂಗೀಕರಿಸಿ, ಮರಳು, ಅನ್ನ, ಗೋಮಯ, ಬೆಣ್ಣೆ, ಬೆಲ್ಲಗಳನ್ನು ಅವುಗಳ ದ್ರವ್ಯಗಳಲ್ಲಿ ಎಣಿಸಿವೆ. ಪೂಜೆಯು ಮುಗಿದ ಮೇಲೆ ವಿಸರ್ಜನೆಯೂ ವಿಹಿತವೇ. ಆದುದರಿಂದ ನಾಶವು ದೋಷವಲ್ಲ. ನಾಶವು ಅರ್ಥಕ್ಕೆ ಅನುಗುಣವಾಗಿದೆಯೆ ಎಂಬುದೇ ಪ್ರಶ್ನೆ. ಹೆಸರೂ ಗುರುತೂ ಉಳಿಯದೆ ಕರಗಿಹೋದವರಿಗೆ ಸಲ್ಲಿಸುವ ಗೌರವವು ಶಾಶ್ವತವಾದ ಶಿಲೆಯಲ್ಲಿದ್ದಿದ್ದರೆ ಅದೇ ಅನೌಚಿತ್ಯವಾಗುತ್ತಿದ್ದಿತು.

ಎರಡನೆಯದು ಅಶ್ಲೀಲತ್ವ. ಆಲಂಕಾರಿಕರು ವ್ರೀಡೆ, ಜುಗುಪ್ಸೆ, ಅಮಂಗಳ ಎಂಬ ಮೂರನ್ನು ವ್ಯಂಜಿಸುವ ಅಶ್ಲೀಲವನ್ನು ದೋಷವೆಂದಿದ್ದಾರೆ. ಆದರೆ ದೋಷಗಳಲ್ಲಿ ನಿತ್ಯ, ಅನಿತ್ಯ ಎಂಬ ವಿಭಾಗವನ್ನೂ ಅವರೇ ಮಾಡಿದ್ದಾರೆ. ಶೃಂಗಾರದಲ್ಲಿ ಹೇಯವಾದುದು ರಸಾಂತರದಲ್ಲಿ ಪೋಷಕವಾಗಬಹುದು. ಇಲ್ಲಿಯ ನಗ್ನತೆಯು ಶೃಂಗಾರಕ್ಕೆ ಅಂಗವಾಗಿಲ್ಲ, ಅಪಹಾರದ ಸಾಕ್ಷ್ಯವಾಗಿದೆ. ವ್ರೀಡೆಯು ಹುಟ್ಟುವುದು ದಿಟ. ಆದರೆ ಅದು ಹುಟ್ಟಬೇಕಾದವರು ಯಾರೆಂಬುದನ್ನು ಪ್ರತಿಮೆಯೇ ನಿರ್ಣಯಿಸುತ್ತದೆ.

ಮೂರನೆಯ ಆಕ್ಷೇಪವು ಹೆಚ್ಚು ಬಲವುಳ್ಳದ್ದು. ಸ್ಫಿಂಕ್ಸಿನ ಒಡಲು ಸಕ್ಕರೆಯದಲ್ಲ. ಸಕ್ಕರೆಯು ಹೊರಗಿನ ಲೇಪ ಮಾತ್ರ. ದ್ರವ್ಯವೇ ಅರ್ಥವೆನ್ನುವ ಕೃತಿಯಲ್ಲಿ ದ್ರವ್ಯವು ತೊಗಲಿನಷ್ಟೇ ಆಗಿದ್ದರೆ ಅದು ವಂಚನೆಯಲ್ಲವೆ? ಬಿಳುಪೆಂಬುದು ತೊಗಲಿನ ಮಾತ್ರದ ವಿಷಯವಾದುದರಿಂದ ಲೇಪವೇ ಯುಕ್ತವೆಂದು ಸಮಾಧಾನ ಹೇಳಬಹುದು. ಆ ಸಮಾಧಾನದಲ್ಲಿ ಚಮತ್ಕಾರವೂ ಇದೆ. ಆದರೂ ಆಕ್ಷೇಪವು ಪೂರ್ತಿಯಾಗಿ ಪರಿಹಾರವಾಗುವುದಿಲ್ಲ. ಬೃಹತ್ಪ್ರಮಾಣದ ಆಸೆಯು ಕೃತಿಯಿಂದ ಒಂದು ಬೆಲೆಯನ್ನು ಕಿತ್ತುಕೊಂಡಿದೆ. ಸಕ್ಕರೆಯಿಂದಲೇ ಎರಕಹೊಯ್ದ ಬಾಲಕರಲ್ಲಿ ದ್ರವ್ಯವೂ ರೂಪವೂ ಭಾವವೂ ಬೇರ್ಪಡಿಸಲಾಗದಂತೆ ಬೆರೆತಿವೆ. ದ್ರವ್ಯವು ಕರಗಿದರೆ ರೂಪವು ಸಾಯುತ್ತದೆ, ರೂಪವು ಸಾಯುವಾಗ ಅರ್ಥವು ಹುಟ್ಟುತ್ತದೆ. ಸ್ಫಿಂಕ್ಸಿನಲ್ಲಿ ಈ ಐಕ್ಯವಿಲ್ಲ. ಜನರು ಆ ದೊಡ್ಡ ಪ್ರತಿಮೆಯನ್ನೇ ಕೊಂಡಾಡಿದರೂ, ಗುಣದಿಂದ ಮೇಲಾದುವು ಚಿಕ್ಕವೇ.

೫. ರಸನಿರ್ಣಯ

ಹಾಗಾದರೆ ಈ ಕೃತಿಯ ಅಂಗಿರಸವಾವುದು? ಮೊದಲ ನೋಟಕ್ಕೆ ಅದ್ಭುತವೆಂದು ತೋರಿದರೂ, ಹಿಂದಿರುಗುವ ದಾರಿಯಲ್ಲಿ ಅದ್ಭುತವು ಅಂಗವಾಗಿ ಹಿಂದೆ ಸರಿದು ಕರುಣವೇ ಅಂಗಿಯಾಗಿ ನಿಲ್ಲುತ್ತದೆ. ವಿಸ್ಮಯದಲ್ಲಿ ಮೈಮರೆತು ಬಾಲಕರನ್ನು ದಾಟಿಹೋದುದೇ ಕರುಣಕ್ಕೆ ಉದ್ದೀಪನ. ಭವ್ಯವಾದುದನ್ನು ನೋಡುವ ಭರದಲ್ಲಿ ಅದನ್ನು ಹೊತ್ತವರನ್ನು ನೋಡದೆ ಹೋಗುವುದು ಲೋಕದ ರೀತಿಯಾದುದರಿಂದ, ಪ್ರೇಕ್ಷಕನ ನಡಿಗೆಯೇ ಕೃತಿಯ ಅರ್ಥದಲ್ಲಿ ಸೇರಿಹೋಗಿದೆ.

ಆದರೆ ಇಲ್ಲಿ ಶಾಸ್ತ್ರಕ್ಕೇ ಒಂದು ಕಠಿನವಾದ ಪ್ರಶ್ನೆಯು ಎದುರಾಗುವುದು. ರಸವೆಂದರೆ ಆಸ್ವಾದ. ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸನಿಷ್ಪತ್ತಿಯನ್ನು ವಿವರಿಸುತ್ತ, ಬೆಲ್ಲ ಮೊದಲಾದ ದ್ರವ್ಯಗಳೂ ವ್ಯಂಜನಗಳೂ ಕೂಡಿ ಪಾನಕಾದಿಗಳ ರುಚಿಯು ಹೇಗೆ ಸಿದ್ಧವಾಗುವುದೋ ಹಾಗೆ ಎಂದು ದೃಷ್ಟಾಂತವನ್ನು ಕೊಟ್ಟಿರುವನು. ದಂಡಿಯೂ ಕವಿಗಳ ಮಾರ್ಗಭೇದವು ವರ್ಣನಾತೀತವೆಂದು ಹೇಳಬೇಕಾದಾಗ ಕಬ್ಬು, ಹಾಲು, ಬೆಲ್ಲಗಳ ಮಾಧುರ್ಯಭೇದವನ್ನೇ ನೆನೆದನು. ಹೀಗೆ ಸಾಹಿತ್ಯಮೀಮಾಂಸೆಯ ಮೂಲದೃಷ್ಟಾಂತವೇ ಕಬ್ಬಿನ ರಸ. ಆ ಸಿಹಿಯಲ್ಲಿಯೇ ಪರರ ವೇದನೆಯು ಬೆರೆತಿದ್ದರೆ ಅದನ್ನು ಆಸ್ವಾದಿಸುವುದು ಸಹೃದಯತೆಯೋ ಅಪರಾಧವೋ? ಭರತನ ಪಾನಕದಲ್ಲಿ ಬೆಲ್ಲವನ್ನು ಕಾಯಿಸಿದವನ ಪ್ರಸ್ತಾಪವಿಲ್ಲ. ದೃಷ್ಟಾಂತಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಪ್ರಕೃತ ಕೃತಿಯಾದರೋ ಕಾಯಿಸಿದವನನ್ನೇ ಪಾತ್ರೆಯಲ್ಲಿ ತಂದಿಟ್ಟಿದೆ.

ಪ್ರೇಕ್ಷಕರ ನಡವಳಿಕೆಯಲ್ಲಿ ಈ ಪ್ರಶ್ನೆಯು ಪ್ರತ್ಯಕ್ಷವಾಯಿತು. ಛಾಯಾಚಿತ್ರ ತೆಗೆಯಲು ಅನುಮತಿಯಿದ್ದುದರಿಂದ, ಅನೇಕರು ನಗ್ನವಾದ ಅವಯವಗಳನ್ನು ಹಿಡಿದಂತೆ, ಮುಟ್ಟಿದಂತೆ ಅಭಿನಯಿಸಿ ನಗುತ್ತ ಚಿತ್ರಗಳನ್ನು ತೆಗೆಯಿಸಿಕೊಂಡು ಪ್ರಚಾರ ಮಾಡಿದರು. ಇದರಿಂದ ನೊಂದ ಆಫ್ರಿಕನ್ ಮೂಲದವರೂ ಇತರರೂ ಜೂನ್ ತಿಂಗಳ ಒಂದು ದಿನ ಗುಂಪಾಗಿ ಬಂದು ಪ್ರತಿಮೆಯ ಮುಂದೆ ನಿಂತು ತಮ್ಮ ಸಾನ್ನಿಧ್ಯವನ್ನು ತೋರಿಸಿದರು. ಒಂದೇ ಪ್ರತಿಮೆಯು ಒಬ್ಬರಿಗೆ ಹಾಸ್ಯಕ್ಕೆ, ಮತ್ತೊಬ್ಬರಿಗೆ ಶೋಕಕ್ಕೆ ವಿಭಾವವಾಯಿತು. ಅಭಿನವಗುಪ್ತಪಾದರು ರಸವಿಘ್ನಗಳನ್ನು ಎಣಿಸುವಾಗ, ಸ್ವಗತವಾಗಿಯೋ ಪರಗತವಾಗಿಯೋ ದೇಶಕಾಲವಿಶೇಷದಲ್ಲಿ ಮನಸ್ಸು ಸಿಕ್ಕಿಕೊಳ್ಳುವುದನ್ನು ಒಂದು ವಿಘ್ನವೆಂದರು. ಆ ಮತದಂತೆ ತನ್ನ ಪೂರ್ವಜರ ದುಃಖವನ್ನೇ ಅಲ್ಲಿ ಕಂಡು ಅತ್ತವನಿಗೂ, ಅದು ತನಗೆ ಸಂಬಂಧಿಸಿದುದೇ ಅಲ್ಲವೆಂದು ನಕ್ಕವನಿಗೂ ಸಾಧಾರಣೀಕರಣವು ಸಿದ್ಧಿಸಲಿಲ್ಲವೆನ್ನಬೇಕಾಗುವುದು.

ಆದರೆ ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಅತ್ತವನಲ್ಲಿ ಭಾವವು ಅತಿಸಮೀಪವಾಗಿ ರಸಕ್ಕೆ ಅಡ್ಡಿಯಾಯಿತು. ನಕ್ಕವನಲ್ಲಿ ಭಾವವೇ ಹುಟ್ಟಲಿಲ್ಲ. ಮೊದಲನೆಯದು ವಿಘ್ನ, ಎರಡನೆಯದು ಅನಧಿಕಾರ. ವಾಕರ್ ಅವರು ಇದನ್ನು ಮೊದಲೇ ಊಹಿಸಿದ್ದರೆಂದು ತೋರುವುದು. ಏಕೆಂದರೆ ಕೊನೆಯ ದಿನದ ಪ್ರೇಕ್ಷಕರ ವರ್ತನೆಯನ್ನು ಚಲಚ್ಚಿತ್ರದಲ್ಲಿ ಹಿಡಿದು, "ಆ್ಯನ್ ಆಡಿಯೆನ್ಸ್" ಎಂಬ ಹೆಸರಿನಿಂದ ಅದೇ ವರ್ಷ ಪ್ರದರ್ಶಿಸಿದರು. ನೋಡಬಂದವರೇ ನೋಟದ ವಸ್ತುವಾದರು. ಸಹೃದಯನ ಲಕ್ಷಣವನ್ನು ಗ್ರಂಥದಲ್ಲಿ ಹೇಳುವುದು ಒಂದು ಬಗೆ. ಸಕ್ಕರೆಯ ಮುಂದೆ ನಿಲ್ಲಿಸಿ ಪರೀಕ್ಷಿಸುವುದು ಇನ್ನೊಂದು ಬಗೆ.

೬. ಉಪಸಂಹಾರ

ಪ್ರದರ್ಶನವು ಮುಗಿದ ಮೇಲೆ ಸ್ಫಿಂಕ್ಸನ್ನು ಬಿಚ್ಚಿಹಾಕಿದರು. ಮುಷ್ಟಿಬಿಗಿದ ಎಡಗೈಯೊಂದನ್ನು ಮಾತ್ರ ಉಳಿಸಿಕೊಂಡರು. ಉಗ್ರಾಣವನ್ನು ಕೆಡವಿದರು. ನದಿಯ ದಂಡೆಯ ಆ ಪ್ರದೇಶದಲ್ಲಿ ೨೦೧೮ರಲ್ಲಿ ಒಂದು ಉದ್ಯಾನವು ತೆರೆಯಿತು. ಆದರೆ ಕೃತಿಯು ಎತ್ತಿದ ವಿಚಾರವು ಉಳಿದಿದೆ.

ಆನಂದವರ್ಧನಾಚಾರ್ಯರು ಧ್ವನಿಗೆ ವ್ಯಂಜಕಗಳಾವುವೆಂದು ನಿರೂಪಿಸುವಾಗ ವರ್ಣದಿಂದ ಮೊದಲುಮಾಡಿ ಪದ, ವಾಕ್ಯ, ಸಂಘಟನೆ, ಪ್ರಬಂಧಗಳವರೆಗೆ ನಡೆದರು. ಕಾವ್ಯಕ್ಕೆ ಶಬ್ದವೇ ಶರೀರವಾದುದರಿಂದ ಅಷ್ಟು ಸಾಕಾಯಿತು. ಶಿಲ್ಪಕ್ಕೆ ಈ ವಿಚಾರವನ್ನು ವಿಸ್ತರಿಸುವಾಗ ಆ ಪಂಕ್ತಿಯ ಆದಿಯಲ್ಲಿ ಉಪಾದಾನದ್ರವ್ಯವನ್ನೂ ಸೇರಿಸಬೇಕೆಂಬುದು ಮೇಲಿನ ವಿಮರ್ಶೆಯಿಂದ ಸಿದ್ಧವಾಗುತ್ತದೆ. ದ್ರವ್ಯಕ್ಕೆ ಗಂಧವುಂಟು, ಸ್ಪರ್ಶವುಂಟು, ಅದನ್ನು ತೆಗೆದವರ ಕೈಗಳ ಚರಿತ್ರೆಯೂ ಉಂಟು. ಇವೆಲ್ಲವೂ ಯಾವ ಕೃತಿಯಲ್ಲಿ ರೂಪಕ್ಕೆ ಅನುಕೂಲವಾಗಿ ಕೂಡುವವೋ ಅಲ್ಲಿ ದ್ರವ್ಯಧ್ವನಿಯುಂಟೆಂದು ವ್ಯವಹರಿಸಬಹುದು. ಎಲ್ಲಿ ದ್ರವ್ಯವು ಅಪೂರ್ವವೆಂಬ ಕುತೂಹಲ ಮಾತ್ರದಿಂದ ಬಳಸಲ್ಪಟ್ಟಿರುವುದೋ ಅಲ್ಲಿ ಚಿತ್ರಕಾವ್ಯದಂತೆ ಚಮತ್ಕಾರವಿದ್ದೀತು, ಧ್ವನಿಯಿರಲಾರದು. ಈ ನಿಕಷದಲ್ಲಿ ಒರೆದು ನೋಡಿದರೆ ವಾಕರ್ ಅವರ ಸ್ಫಿಂಕ್ಸಿನಲ್ಲಿ ಚಮತ್ಕಾರದ ಅಂಶವು ಸ್ವಲ್ಪ ಹೆಚ್ಚು. ಕರಗಿದ ಬಾಲಕರಲ್ಲಿ ಧ್ವನಿಯು ಪರಿಪೂರ್ಣ.